ಪದಚರ್ಚೆ: ಆರೆಂಜ್, ಆರಂಜ್, ಕಿತ್ತಳೆ – ಬೋರ್ಡಿಗೆ ಯಾವುದು?

ಶಿವಮೊಗ್ಗದ ಒಂದು ಪೇಂಟ್ ಅಂಗಡಿಗೆ ಬಣ್ಣಗಳ ಹೆಸರಿನ ಬೋರ್ಡ್ ಬೇಕು. ಒಕ್ಕಣೆ ನಾನು ಕೊಡಬೇಕು. ಆರೆಂಜ್, ಆರಂಜ್, ಆರಿಂಜ್ – ಯಾವುದು ಸರಿ? ಒಬ್ಬರು ಕೇಸರಿ ಅಂದರು, ಇನ್ನೊಬ್ಬರು ಕೆಂಪುಹಳದಿ ಅಂತ ಹಟ ಹಿಡಿದಿದ್ದಾರೆ. ನಾಳೆ ಬೆಳಿಗ್ಗೆಯೇ ಪೇಂಟರ್ ಬರುತ್ತಾರೆ. ಹಿರಿಯರು ಬೇಗ ತಿಳಿಸಿ.

— — —

ತಮ್ಮಾ, ಕಿತ್ತಳೆ ಅಂತ ಬರೆಸು. ಕೇಸರಿ ಬೇಡ. ಕೇಸರಿ ಅಂದರೆ ಗಿರಾಕಿ ಬಾವುಟದ ಮೇಲಿನ ಪಟ್ಟಿಯ ಬಣ್ಣ ಕೇಳುತ್ತಾನೆ. ಈ ಡಬ್ಬಿಯಲ್ಲಿರೋದು ಹಣ್ಣಡಿಕೆ ಗೊನೆಯ ಬಣ್ಣ, ಅಲ್ವಾ?

ಇಂಗ್ಲಿಷಿನಲ್ಲಿ ಆ ಪದಕ್ಕೆ ಎರಡು ಉಚ್ಚಾರಾಂಶ, ಒತ್ತು ಮೊದಲನೆಯದಕ್ಕೆ. ಬ್ರಿಟನ್ನಿನವರ ಬಾಯಲ್ಲಿ ಎರಡನೆಯದು 'ರಿಂಜ್' ಅಂತ ಕೇಳಿಸುತ್ತದೆ. ಅಮೆರಿಕದಲ್ಲಿ ಹಲವರು ಎರಡನ್ನೂ ಕೂಡಿಸಿ ಒಂದೇ ಏಟಿಗೆ 'ಆರ್ಂಜ್' ಅಂದುಬಿಡುತ್ತಾರೆ. ಕನ್ನಡದಲ್ಲಿ ಆರೆಂಜ್ ರೂಢಿಗೆ ಬಂದಾಗಿದೆ. ಕಂಪನಿಯ ಶೇಡಿನ ಹೆಸರು ಬರೆಯುವಾಗ ಹಾಗೇ ಇರಲಿ.

ಕೆಂಪುಹಳದಿ ಅಂದವರಿಗೆ ಒಂದು ಮಾತು. ಹಳೆಯ ಇಂಗ್ಲಿಷಿನಲ್ಲೂ ಇದಕ್ಕೆ 'ಹಳದಿಗೆಂಪು' ಅನ್ನುವ ಅರ್ಥದ ಜೋಡಿಪದವೇ ಇತ್ತು. ಹಣ್ಣು ಆ ನಾಡಿಗೆ ಪರಿಚಯವಾದ ಮೇಲೆ, 16ನೇ ಶತಮಾನದಲ್ಲಿ ಹಣ್ಣಿನ ಹೆಸರೇ ಬಣ್ಣಕ್ಕೂ ಬಂತು. ಅದೂ ಎರವಲು ಹೆಸರು: ಸಂಸ್ಕೃತದ ನಾರಂಗ, ಪಾರಸಿಯ ನಾರಂಗ್, ಅರಬ್ಬಿಯ ನಾರಂಜ್, ಅಲ್ಲಿಂದ ಯುರೋಪು. ಸ್ಪ್ಯಾನಿಶ್ ಮೊದಲ ನಕಾರ ಉಳಿಸಿಕೊಂಡಿತು. ಫ್ರೆಂಚಿನಲ್ಲಿ ಅದು ಬಿದ್ದುಹೋಯಿತು, ಇಂಗ್ಲಿಷಿಗೆ ಸಿಕ್ಕಿದ್ದು ಆ ರೂಪ. ನಾರಂಗದ ಬೇರು ದ್ರಾವಿಡ ಅಂತ ಅನೇಕ ವಿದ್ವಾಂಸರು ಎಣಿಸುತ್ತಾರೆ. ಮಲಯಾಳಿಗಳು ನಿಂಬೆಗೆ ಈಗಲೂ ಚೆರುನಾರಙ್ಙ ಅನ್ನುತ್ತಾರಲ್ಲ! ಹಾಗಿರುವಾಗ ಆರೆಂಜ್ ಪರಭಾಷೆಯ ಮೈಲಿಗೆ ಅಂತ ಕೂಗಾಡುವುದು ದಂಡ.

ನನಗೆ ಕಿತ್ತಳೆ ಬೇಕಾಗಿರೋದು ಬೇರೆ ಕಾರಣಕ್ಕೆ. ನಮ್ಮ ಮಲೆನಾಡಿನ ಹಿತ್ತಲಿನ ಹೇರಳೆಕಾಯಿ ನೋಡು. ದಪ್ಪ ಗಾತ್ರ, ಒರಟು ಸಿಪ್ಪೆ, ಗೊಜ್ಜಿಗೂ ಚಿತ್ರಾನ್ನಕ್ಕೂ ಹಿಂಡುವ ಹುಳಿ. ಹೇರಿಳೆ ಅದರ ಇನ್ನೊಂದು ರೂಪ. ಹಳಗನ್ನಡದ ಪೇರಾನೆಯಲ್ಲಿ ಬರುವ ಪೇರ್ ಅಂದರೆ ದೊಡ್ಡ, ಅದೇ ಹೇರ್ ಆಗಿದೆ; ಅದಕ್ಕೆ ಇಳೆ, ಅಂದರೆ ನಿಂಬೆ ಜಾತಿಯ ಹಣ್ಣಿನ ಹಳೆಯ ಹೆಸರು, ಸೇರಿದ್ದು. ಕಿತ್ತಡಿಯಲ್ಲಿ (ಚಿಕ್ಕ ಅಡಿ) ಬರುವ ಕಿತ್ತ್, ಅಂದರೆ ಚಿಕ್ಕ, ಇಳೆಗೆ ಸೇರಿದರೆ ಕಿತ್ತಿಳೆ, ಅದೇ ಕಿತ್ತಳೆ. ದೊಡ್ಡದು ಹೇರಳೆ, ಚಿಕ್ಕದು ಕಿತ್ತಳೆ. ಇಂಥ ಜೋಡಿ ಊರವರ ಬಾಯಲ್ಲೇ ಇರುವಾಗ ಸುಮ್ನೆ ಕೂತು ಹೊಸ ಪದ ಕಟ್ಟುವುದು ಯಾಕೆ?

ಪೇಂಟರ್ 'ಕಿತ್ತಲೆ' ಅಂತ ಬರೆದರೆ ಅಲ್ಲೇ ನಿಂತು ತಿದ್ದಿಸು. ಅದು ಇಳೆಯ ಳಕಾರ.