ಸೋಮವಾರ ಡೀನ್ ಹತ್ತಿರ ಹೋಗುತ್ತಿದ್ದೇವೆ, ಮೊದಲು ಏನು ಕೇಳಬೇಕು?

ಮೆಡಿಸಿನ್ ಪಿಜಿ, ಮೊದಲ ವರ್ಷ:
ಖಾಸಗಿ ಕಾಲೇಜಿನಲ್ಲಿ ಎಂಡಿ (ಎಂಬಿಬಿಎಸ್ ನಂತರದ ಪಿಜಿ ಕೋರ್ಸ್) ಮಾಡುತ್ತಿದ್ದೇನೆ. ನಮ್ಮ ಯೂನಿಟ್ಟಿನ ಅಡ್ಮಿಶನ್ ದಿನ, ಅಂದರೆ ಹೊಸ ರೋಗಿಗಳನ್ನು ನಮ್ಮ ವೈದ್ಯರ ತಂಡ ಸೇರಿಸಿಕೊಳ್ಳುವ ದಿನ, ಬೆಳಿಗ್ಗೆ 7ಕ್ಕೆ ವಾರ್ಡಿಗೆ ಹೋದರೆ ಹೊರಗೆ ಬರುವುದು ಮರುದಿನ ಸಂಜೆ 6ಕ್ಕೆ. ಕಳೆದ ವಾರ ಬೆಳಗಿನ ಜಾವ 4 ಗಂಟೆಗೆ ಇನ್ಸುಲಿನ್ 6 ಯೂನಿಟ್ ಬರೆಯುವ ಕಡೆ 16 ಅಂತ ಬರೆದೆ. ವಾರ್ಡಿನ ಸಿಸ್ಟರ್ ಕೇಸ್ ಶೀಟ್ ನನ್ನ ಕಡೆ ತಿರುಗಿಸಿ, ಬೆರಳಿಟ್ಟು, "ಮೇಡಂ, ಇದು ಸರೀನಾ?" ಅಂದರು. ಅವರು ಕೇಳದೇ ಇದ್ದಿದ್ದರೆ? ಆಮೇಲೆ ಎರಡು ದಿನ ನಿದ್ದೆ ಬರಲಿಲ್ಲ.

ಸ್ಟೈಪೆಂಡ್ (ಪಿಜಿಗಳಿಗೆ ಕೊಡುವ ತಿಂಗಳ ಭತ್ಯೆ) ಖಾತೆಗೆ ಬರುತ್ತದೆ. ಅದರಲ್ಲಿ ಒಂದು ಪಾಲು ನಗದಾಗಿ ಕಾಲೇಜಿಗೆ ವಾಪಸ್ ಕೊಡಬೇಕು, ರಸೀದಿ ಇಲ್ಲ. ನಾವು 8 ಜನ ಹೋಗುತ್ತಿದ್ದೇವೆ. ದುಡ್ಡಿನ ಮಾತು ಮೊದಲಾ, ಡ್ಯೂಟಿದಾ? ಮನೆಯಲ್ಲಂತೂ "ಮೂರು ವರ್ಷ ಸುಮ್ನೆ ಇದ್ದು ಮುಗಿಸು" ಅಂತಾರೆ.

ಸೀನಿಯರ್ ರೆಸಿಡೆಂಟ್:
ಡ್ಯೂಟಿ ಮೊದಲು. ನಾವು ದುಡ್ಡಿನಿಂದ ಶುರು ಮಾಡಿದ್ದೆವು. "ಕಲಿಯೋಕೆ ಬಂದಿದ್ದೀರಾ, ದುಡಿಯೋಕಾ?" ಅಂತ ಬಾಯಿ ಮುಚ್ಚಿಸಿದರು. ಮುಂದಿನ ಸಲ ಎರಡು ತಿಂಗಳ ಡ್ಯೂಟಿ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದು ಮೇಜಿನ ಮೇಲಿಟ್ಟೆವು. ಎಷ್ಟಕ್ಕೆ ಬಂದೆ, ಎಷ್ಟಕ್ಕೆ ಬಿಟ್ಟೆ, ಅಷ್ಟೇ. ರಾತ್ರಿ ಡ್ಯೂಟಿ ಮಾಡಿದವರನ್ನು ಮರುದಿನ ಮಧ್ಯಾಹ್ನ 1ಕ್ಕೆ ಬಿಡಲು ಒಪ್ಪಿದರು.

ಎನ್‌ಎಂಸಿಯ (ರಾಷ್ಟ್ರೀಯ ವೈದ್ಯಕೀಯ ಆಯೋಗ) 2023ರ ಪಿಜಿ ನಿಯಮದ ಪ್ರತಿ ಒಯ್ಯಿರಿ. ವಾರಕ್ಕೊಂದು ರಜೆ, ವರ್ಷಕ್ಕೆ ಕನಿಷ್ಠ 20 ದಿನ ಸಂಬಳ ಸಹಿತ ರಜೆ ಅದರಲ್ಲಿದೆ. ಆದರೆ ಕೆಲಸದ ಹೊತ್ತು 'ಸಮಂಜಸ' ಇರಬೇಕು ಅಂದಿದೆಯೇ ಹೊರತು ಇಷ್ಟೇ ಗಂಟೆ ಅಂತ ಇಲ್ಲ. ಅದಕ್ಕೇ ರೆಸಿಡೆಂಟ್ ವೈದ್ಯರ ಬಗ್ಗೆ ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ಆದೇಶವನ್ನೂ ಜೊತೆಗಿಡಿ. ಸಾಮಾನ್ಯವಾಗಿ ಒಂದೇ ಸಮನೆ 12 ಗಂಟೆ ಮೀರಬಾರದು, ವಾರಕ್ಕೆ 48 ಗಂಟೆ ಅಂತ ಅದರಲ್ಲಿದೆ.

ಅನಸ್ತೇಶಿಯಾ ಕನ್ಸಲ್ಟಂಟ್:
ಸ್ಟೈಪೆಂಡ್ ವಿಷಯವನ್ನೂ ಬಿಡಬೇಡಮ್ಮ. ಸರ್ಕಾರಿ ಕಾಲೇಜಿನ ಪಿಜಿಗಳಿಗೆ ಸಮನಾಗಿ ಕೊಡಬೇಕು ಅಂತ ಅದೇ ನಿಯಮ ಹೇಳುತ್ತದೆ. ಎಂಟೂ ಜನರ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿಡಿ. ಒಂದೇ ದಿನ ಒಂದೇ ಮೊತ್ತ ಡ್ರಾ ಆಗಿರುತ್ತದಲ್ವಾ, ಅದೇ ಸಾಕ್ಷಿ.

ಬಾಯಿಮಾತಿಗೆ ಮಾತ್ರ ಒಪ್ಪಬೇಡಿ. ಮೊದಲ ಕೆಲಸದಲ್ಲಿ ನಾನು ನಂಬಿ ಕೆಟ್ಟೆ. ಸಂಬಳದ ನೌಕರಿ ಅಂತಲ್ಲ, ಕನ್ಸಲ್ಟಂಟ್ ಅಂತ ತೋರಿಸಿ 10% ಟಿಡಿಎಸ್ (ಮೊದಲೇ ಕಡಿತವಾಗುವ ತೆರಿಗೆ) ಹಿಡಿಯುತ್ತಿದ್ದರು, ಪಿಎಫ್ ಇರಲಿಲ್ಲ. ರಾತ್ರಿ 2ಕ್ಕೆ ಸಿಸೇರಿಯನ್‌ಗೆ ಕರೆದರೂ ಬೇರೆ ದುಡ್ಡಿಲ್ಲ. ಎರಡನೇ ಕಡೆ ಸಹಿ ಹಾಕುವ ಮೊದಲೇ ಬರೆಸಿಕೊಂಡೆ: ರಾತ್ರಿ ಕಾಲ್‌ಗೆ ಬೇರೆ ದುಡ್ಡು, ನೋಟಿಸ್ ಅವಧಿ ಇಬ್ಬರಿಗೂ ಒಂದೇ. ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ಳುತ್ತೇವೆ ಅಂದರು. ಕೊಡಲಿಲ್ಲ, ಜೆರಾಕ್ಸ್ ಕೊಟ್ಟೆ. ಕೆಲಸವೂ ಸಿಕ್ಕಿತು.

ಮೆಡಿಸಿನ್ ಪಿಜಿ, ಮೊದಲ ವರ್ಷ:
ಸರ್, ಮೇಡಂ, ತುಂಬಾ ಥ್ಯಾಂಕ್ಸ್. ನೋಟ್‌ಬುಕ್ ನಿನ್ನೆಯಿಂದಲೇ ಶುರುವಾಯಿತು. ಎರಡನೇ ವರ್ಷದ ಮೂವರು ತಾವೂ ಸಹಿ ಹಾಕುತ್ತೇವೆ ಅಂದಿದ್ದಾರೆ. ಇನ್ಸುಲಿನ್ ವಿಷಯ ಅವತ್ತೇ ಯೂನಿಟ್ ಚೀಫ್‌ಗೆ ತಿಳಿಸಿದ್ದೆ, ಡೀನ್ ಎದುರೂ ನಾನೇ ಹೇಳುತ್ತೇನೆ. ಸಿಸ್ಟರ್ ಹೆಸರು ಎಲ್ಲೂ ತರುವುದಿಲ್ಲ. ಮಧ್ಯಾಹ್ನ 3ಕ್ಕೆ ಟೈಮ್ ಕೊಟ್ಟಿದ್ದಾರೆ. ಬಂದು ಬರೆಯುತ್ತೇನೆ.