ಫಿಟ್ಸ್ ಮಾತ್ರೆ ಬದಲಾಯಿಸುವ ಮುಂಚೆ ಜೀನ್ ಟೆಸ್ಟ್: ಮಗುವನ್ನು ಕರೆದುಕೊಂಡು ಹೋಗುವಾಗ ಏನೇನು ತರಬೇಕು?

ಪ್ರಶ್ನೆ (ಮದ್ದೂರು ಕಡೆಯ ತಾಯಿ):
ಮೇಡಂ, ನಮಸ್ಕಾರ. ನನ್ನ ಮಗನಿಗೆ ಏಳು ವರ್ಷ. ನಾಲ್ಕು ತುಂಬಿದಾಗಿನಿಂದ ಫಿಟ್ಸ್ ಬರುತ್ತಿದೆ. ಮೊದಲು ಕೊಟ್ಟ ಮಾತ್ರೆಗೆ ಮೂರನೇ ವಾರದಲ್ಲಿ ಮೈಯೆಲ್ಲ ದದ್ದು ಎದ್ದಿತು, ನಿಲ್ಲಿಸಿದರು. ಈಗಿನ ಮಾತ್ರೆಯಲ್ಲಿ ಫಿಟ್ಸ್ ಕಡಿಮೆ ಇದೆ, ಆದರೆ ಸ್ಕೂಲಲ್ಲಿ ಡೆಸ್ಕ್ ಮೇಲೆ ತಲೆ ಇಟ್ಟು ಮಲಗಿಬಿಡುತ್ತಾನೆ. ಮಾತ್ರೆ ಬದಲಾಯಿಸುವ ಮುಂಚೆ ಜೀನ್ ಟೆಸ್ಟ್ ಮಾಡಿಸೋಣ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಗುರುವಾರ ಮೈಸೂರಿಗೆ ಬರಬೇಕು. ಖಾಲಿ ಹೊಟ್ಟೆಯಲ್ಲಿ ಕರೆತರಬೇಕಾ? ಬೆಳಗಿನ ಮಾತ್ರೆ ಕೊಡಬಹುದಾ?

ಉತ್ತರ (ಜೆನೆಟಿಕ್ ಕೌನ್ಸೆಲರ್, ಮೈಸೂರು):
ತಿಂಡಿ ತಿನ್ನಿಸಿಕೊಂಡೇ ಬನ್ನಿ. ಇಡ್ಲಿ ತಿಂದರೆ ಜೀನ್ ಬದಲಾಗುವುದಿಲ್ಲ. ಮಾತ್ರೆಯನ್ನೂ ತಪ್ಪಿಸಬೇಡಿ, ಟೆಸ್ಟ್‌ಗೆಂದು ಒಂದು ಡೋಸ್ ಬಿಟ್ಟು ದಾರಿಯಲ್ಲೇ ಫಿಟ್ಸ್ ಬಂದ ಮಕ್ಕಳನ್ನು ನೋಡಿದ್ದೇನೆ. ಒಂದೇ ಒಂದು ಸಂದರ್ಭ ಬೇರೆ. ರಕ್ತದಲ್ಲಿ ಔಷಧಿ ಎಷ್ಟಿದೆ ಎಂದು ನೋಡುವ ಟೆಸ್ಟನ್ನೂ ಅದೇ ಚೀಟಿಯಲ್ಲಿ ಬರೆದಿದ್ದರೆ, ಆ ರಕ್ತವನ್ನು ಸಾಮಾನ್ಯವಾಗಿ ಬೆಳಗಿನ ಡೋಸ್‌ಗೆ ಮುಂಚೆ ತೆಗೆಯುತ್ತಾರೆ. ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಹೌದು ಎಂದರೆ ಮಾತ್ರೆ ಬ್ಯಾಗಲ್ಲಿಟ್ಟುಕೊಂಡು ಬಂದು, ರಕ್ತ ತೆಗೆದ ತಕ್ಷಣ ಕೊಡಿ.

ಈಗ ಆ ಚೀಟಿ ತೆಗೆದು ನೋಡಿ. 'ಜೀನ್ ಟೆಸ್ಟ್' ಎಂದು ಎಲ್ಲರೂ ಒಂದೇ ಹೆಸರಲ್ಲಿ ಕರೆಯುತ್ತಾರೆ, ಆದರೆ ಇದರಲ್ಲಿ ಎರಡು ಬಗೆ ಇದೆ. ಒಂದು, ಫಿಟ್ಸ್ ಯಾಕೆ ಬರುತ್ತಿದೆ ಎಂದು ಹುಡುಕುವುದು. ಇನ್ನೊಂದು, ಯಾವ ಔಷಧಿ ಈ ಮಗುವಿನ ಮೈಗೆ ಆಗುವುದಿಲ್ಲ, ಯಾವುದರ ಡೋಸ್ ಇಳಿಸಬೇಕು ಎಂದು ನೋಡುವುದು. ಮೊದಲನೆಯದೂ ಕೆಲವೊಮ್ಮೆ ಔಷಧಿಯ ದಾರಿ ತೋರಿಸುತ್ತದೆ. ಎಸ್‌ಸಿಎನ್1ಎ ಜೀನ್ ಕೆಟ್ಟು ಡ್ರಾವೆ ಸಿಂಡ್ರೋಮ್ ಎಂಬ ತೀವ್ರ ಫಿಟ್ಸ್ ಕಾಯಿಲೆ ಬಂದ ಮಗುವಿಗೆ ಕಾರ್ಬಮಜೆಪೀನ್ ಎಂಬ ಫಿಟ್ಸ್ ಮಾತ್ರೆ ಕೊಟ್ಟರೆ ಫಿಟ್ಸ್ ಇನ್ನೂ ಜಾಸ್ತಿ ಆಗಬಹುದು. ಡಾಕ್ಟರು ಯಾವುದನ್ನು ಬರೆದಿದ್ದಾರೆ, ಒಂದೇ ಜೀನ್ ಸಾಕಾ, ಹಲವು ಜೀನ್ ಒಟ್ಟಿಗೆ ನೋಡುವ ಇಡೀ ಪ್ಯಾನೆಲ್ ಬೇಕಾ ಎಂದು ದುಡ್ಡು ಕಟ್ಟುವ ಮುಂಚೆ ಕೇಳಿ. ಹಾಗೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ದದ್ದಿನ ವಿಷಯಕ್ಕೆ ಬರುತ್ತೇನೆ, ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತಿದ್ದು ಅಲ್ಲೇ. ಆ ಮೊದಲ ಮಾತ್ರೆ ಯಾವುದು? ಕಾರ್ಬಮಜೆಪೀನ್ ಆಗಿದ್ದರೆ ಎಚ್‌ಎಲ್‌ಎ-ಬಿ 15:02 ಎಂಬ ಬಗೆಯ ಜೀನ್ ಇದೆಯೇ ಎಂದು ನೋಡುತ್ತಾರೆ. ಅದಿದ್ದವರಿಗೆ ಈ ಮಾತ್ರೆಯಿಂದ ಚರ್ಮ ಸುಲಿದು ಬರುವ, ಜೀವಕ್ಕೇ ಕುತ್ತಾಗುವ ಸ್ಟೀವನ್ಸ್-ಜಾನ್ಸನ್ ಕಾಯಿಲೆಯ ಅಪಾಯ ತುಂಬಾ ಜಾಸ್ತಿ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲೇ ಈ ಎಚ್ಚರಿಕೆ ಕೊಟ್ಟಿತು. ಭಾರತೀಯರನ್ನೂ ಸೇರಿಸಿ ದಕ್ಷಿಣ ಏಷ್ಯಾದವರಲ್ಲಿ 100ಕ್ಕೆ ಸುಮಾರು 2ರಿಂದ 4 ಜನರಲ್ಲಿ ಇದು ಇರಬಹುದು ಎಂದು ಆಗಲೇ ಹೇಳಿತ್ತು. ಆದ್ದರಿಂದ ದದ್ದು ಎದ್ದಾಗ ಜ್ವರ ಇತ್ತಾ, ಬಾಯಲ್ಲಿ ಹುಣ್ಣಾಗಿತ್ತಾ, ಕಣ್ಣು ಕೆಂಪಾಗಿತ್ತಾ, ಗುಳ್ಳೆ ಎದ್ದು ಚರ್ಮ ಸುಲಿಯಿತಾ, ಇಷ್ಟನ್ನು ನೆನಪು ಮಾಡಿಕೊಂಡು ಬರೆದಿಡಿ. ಫೋಟೋ ಇದ್ದರೆ ಇನ್ನೂ ಒಳ್ಳೆಯದು. ನಿಮ್ಮವರ ಮೊಬೈಲಲ್ಲೋ ನಾದಿನಿಗೆ ಕಳಿಸಿದ ವಾಟ್ಸಾಪಲ್ಲೋ ಇದ್ದೇ ಇರುತ್ತದೆ, ಹುಡುಕಿ. ಇನ್ನೊಂದು ಮಾತು. ಈ ಜೀನ್ ಇಲ್ಲ ಎಂದು ರಿಪೋರ್ಟ್ ಬಂದರೂ ಒಮ್ಮೆ ದದ್ದು ಎಬ್ಬಿಸಿದ ಮಾತ್ರೆಯನ್ನು ಮತ್ತೆ ಕೊಡಬೇಡಿ. ದದ್ದು ಬೇರೆ ಕಾರಣಕ್ಕೂ ಏಳುತ್ತದೆ.

ನಿದ್ದೆಯ ವಿಷಯದಲ್ಲೂ ಜೀನ್ ಇರಬಹುದು. ಈಗಿನ ಮಾತ್ರೆ ಕ್ಲೋಬಜಾಮ್ ಆದರೆ ಅದನ್ನು ಲಿವರ್ ಒಡೆದ ಮೇಲೆ ಹುಟ್ಟುವ ಅಂಶವನ್ನು ಹೊರಹಾಕುವ ಕೆಲಸ ಸಿವೈಪಿ2ಸಿ19 ಎಂಬ ಕಿಣ್ವದ್ದು. ಅದು ನಿಧಾನವಿದ್ದವರಲ್ಲಿ ಆ ಅಂಶ ಮೈಯಲ್ಲೇ ಶೇಖರವಾಗಿ ತೂಕಡಿಕೆ ಬರುತ್ತದೆ. ಫೆನಿಟಾಯಿನ್ ಎಂಬ ಮಾತ್ರೆ ಆದರೆ ಸಿವೈಪಿ2ಸಿ9 ಎಂಬ ಕಿಣ್ವ. ಅದು ನಿಧಾನವಿದ್ದರೆ ಮಗು ನಡೆಯುವಾಗ ತೂರಾಡುತ್ತದೆ. ಆದರೆ ಎರಡು ಮೂರು ಮಾತ್ರೆ ಒಟ್ಟಿಗೆ ನಡೆಯುತ್ತಿದ್ದರೆ ಒಂದು ಇನ್ನೊಂದನ್ನು ಏರಿಸುವುದೂ ಉಂಟು, ಅದಕ್ಕೆ ಜೀನ್ ಬೇಕಾಗಿಲ್ಲ. ಹಾಗಾಗಿ ಖಾಲಿ ಸ್ಟ್ರಿಪ್, ಸಿರಪ್ ಬಾಟಲಿ, ನಾಟಿ ಔಷಧಿ ಪುಡಿ, ಎಲ್ಲವನ್ನೂ ಒಂದು ಕವರಲ್ಲಿ ಹಾಕಿಕೊಂಡು ಬನ್ನಿ. ಪುಡಿ ಕೊಟ್ಟಿದ್ದನ್ನು ಮುಚ್ಚಿಡಬೇಡಿ, ನಾವು ಬೈಯುವುದಿಲ್ಲ. ಯಾವ ಮಾತ್ರೆ ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಆಗ ಮಗುವಿನ ತೂಕ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದರೆ ಸಾಕು. ಇತ್ತೀಚೆಗೆ ಮಗುವಿಗೆ ರಕ್ತ ಹಾಕಿಸಿದ್ದರೆ ಅದನ್ನೂ ಹೇಳಿ, ಫಲಿತಾಂಶ ಕಲಸಬಹುದು.

ಪ್ರಶ್ನೆ (ಅದೇ ತಾಯಿ):
ಆಯ್ತು ಮೇಡಂ. ವಂಶದ ವಿವರ ಕೇಳುತ್ತಾರಂತೆ. ನಮ್ಮತ್ತೆ ಈಗಲೇ 'ನಿಮ್ಮ ತವರಿನ ಕಡೆಯಿಂದ ಬಂದಿದ್ದು' ಅಂತಿದ್ದಾರೆ. ನಾವು ಸಂಬಂಧದಲ್ಲಿ ಮದುವೆಯಾದವರಲ್ಲ.

ಉತ್ತರ:
ಅಮ್ಮ, ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆ ಮಗನಿಗೆ ಕೊಡುವುದು ಹಳೇ ರೂಢಿ. ಹಾಗಾಗಿ ನಾನು 'ಸಂಬಂಧವಾ' ಎಂದು ಕೇಳಿ ಸುಮ್ನೆ ಬಿಡುವುದಿಲ್ಲ. ಇಬ್ಬರ ಅಜ್ಜಿಯರ ಊರು ಯಾವುದು ಎಂದು ಕೇಳುತ್ತೇನೆ. ಎಷ್ಟೋ ಸಲ ಎರಡೂ ಕಡೆಯ ಅಜ್ಜಿಯರು ಒಂದೇ ಊರಿನವರಾಗಿರುತ್ತಾರೆ, ಗೊತ್ತಿಲ್ಲದ ದೂರದ ಸಂಬಂಧ ಇರಬಹುದು. ಅದನ್ನು ಮೊದಲೇ ಕೇಳಿಕೊಂಡು ಬನ್ನಿ. ತೊಟ್ಟಿಲಲ್ಲೇ ತೀರಿಹೋದ ಕೂಸುಗಳ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಅದನ್ನೂ ಕೇಳಿ. ಫಿಟ್ಸ್ ಇದ್ದ ಕೂಸು ಲಿವರ್ ಕೆಟ್ಟು ತೀರಿಹೋಗಿದ್ದರೆ ಅದು ನಮಗೆ ದೊಡ್ಡ ಸುಳಿವು. ಪಿಒಎಲ್‌ಜಿ ಎಂಬ ಜೀನಲ್ಲಿ ದೋಷವಿದ್ದ ಮಕ್ಕಳಿಗೆ ವಾಲ್‌ಪ್ರೊಯೇಟ್ ಎಂಬ ಫಿಟ್ಸ್ ಔಷಧಿ ಕೊಡುವಂತೆಯೇ ಇಲ್ಲ, ಲಿವರ್‌ಗೆ ಅಪಾಯ.

ಇನ್ನು ಅತ್ತೆಯವರ ಮಾತಿಗೆ. ಡ್ರಾವೆಯಂಥ ಕಾಯಿಲೆಯಲ್ಲಿ ಜೀನಿನ ಬದಲಾವಣೆ ಹೆಚ್ಚಿನ ಮಕ್ಕಳಲ್ಲಿ ಹೊಸದಾಗಿ ಹುಟ್ಟಿದ್ದು, ತಂದೆಯಲ್ಲೂ ಇರುವುದಿಲ್ಲ, ತಾಯಿಯಲ್ಲೂ ಇರುವುದಿಲ್ಲ. ಪಿಒಎಲ್‌ಜಿಯಂಥದ್ದು ಮಗುವನ್ನು ಕಾಡುವುದು ಸಾಮಾನ್ಯವಾಗಿ ಎರಡೂ ಕಡೆಯಿಂದ ಬಂದಾಗ. ಆಗಲಿ, ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಬನ್ನಿ. ಹಳೇ ವಿಷಯ ನಿಮ್ಮಿಬ್ಬರಿಗಿಂತ ಅವರಿಗೇ ಜಾಸ್ತಿ ಗೊತ್ತಿರುತ್ತದೆ.

ಪ್ರಶ್ನೆ (ಮೈಸೂರಿನ ತಂದೆ):
ಮಗಳಿಗೆ 9 ವರ್ಷ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ). ಎಂಜಲು ಕಳಿಸಿದರೆ ಯಾವ ಮಾತ್ರೆ ಹೊಂದುತ್ತದೆ ಎಂದು ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ರಿಪೋರ್ಟ್ ಕೊಡುತ್ತಾರಂತೆ. ಮಾಡಿಸಲಾ?

ಉತ್ತರ:
ಡಾಕ್ಟರು ಹೇಳದೆ ಬೇಡ ಸರ್. ಎಂಜಲಿನಲ್ಲೂ ಡಿಎನ್‌ಎ ಚೆನ್ನಾಗಿಯೇ ಸಿಗುತ್ತದೆ, ತೊಂದರೆ ಅಲ್ಲಿಲ್ಲ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆ ಹೊಂದುತ್ತದೋ ಇಲ್ಲವೋ ಎಂದು ಹೇಳುವ ಭರವಸೆಯ ಜೀನ್ ಇಲ್ಲ. ಅದರ ಬದಲು ಅಟೊಮಾಕ್ಸೆಟೀನ್ ಎಂಬ ಮಾತ್ರೆ ಕೊಡುವುದಾದರೆ ಸಿವೈಪಿ2ಡಿ6 ಎಂಬ ಕಿಣ್ವದ ಜೀನ್ ನೋಡಿ ಡೋಸ್ ತೀರ್ಮಾನಿಸಬಹುದು. ಔಷಧಿ ಹೊಂದುತ್ತದೆ ಎಂದು ಹೇಳಿಕೊಳ್ಳುವ ಇಂಥ ಹಲವು ಟೆಸ್ಟ್‌ಗಳ ಬಗ್ಗೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿದೆ. ಕೆಂಪು ನೋಡಿ, ಚೆನ್ನಾಗಿ ನಡೆಯುತ್ತಿದ್ದ ಮಾತ್ರೆಯನ್ನು ಮನೆಯಲ್ಲೇ ನಿಲ್ಲಿಸಿದವರಿದ್ದಾರೆ.

ಪ್ರಶ್ನೆ (ಮದ್ದೂರು ಕಡೆಯ ತಾಯಿ):
ಕೊನೆಯದು ಮೇಡಂ. ಸೂಜಿ ಕಂಡರೆ ಕಿರುಚಿ ಓಡುತ್ತಾನೆ.

ಉತ್ತರ:
ಎರಡು ಮೂರು ಎಂಎಲ್ ರಕ್ತ ಸಾಕು. ಮರಗಟ್ಟಿಸುವ ಕ್ರೀಮ್ ಬರುತ್ತದೆ, ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಸುಮಾರು ಒಂದು ಗಂಟೆ ಮುಂಚೆ ಹಚ್ಚಬೇಕು, ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಹಚ್ಚಿಬಿಡಿ. 'ಏನೂ ಮಾಡಲ್ಲ' ಎಂದು ಮಾತ್ರ ಹೇಳಬೇಡಿ. ಇರುವೆ ಕಚ್ಚಿದ ಹಾಗೆ ಆಗುತ್ತದೆ, ಹತ್ತು ಎಣಿಸುವಷ್ಟರಲ್ಲಿ ಮುಗಿಯುತ್ತದೆ ಎಂದು ಹೇಳಿ. ಎಣಿಸುವ ಕೆಲಸ ಅವನಿಗೇ ಕೊಡಿ.