ಒಳಗೇ ಕೂತು ಆಕಾಶಗಂಗೆಯ ಆಕಾರ ಕಂಡುಹಿಡಿದದ್ದು ಹೇಗೆ?

ಕಡಲಕರೆ:
ಏಪ್ರಿಲ್‌ನಲ್ಲಿ ಮರವಂತೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಆಕಾಶಗಂಗೆ ನೋಡಿದೆ. ನಡುವೆ ಉದ್ದಕ್ಕೂ ಕಪ್ಪು ಕಪ್ಪು. ಮೋಡ ಅಂದ್ಕೊಂಡು ಅರ್ಧ ಗಂಟೆ ಕಾದೆ, ಅದು ನಕ್ಷತ್ರಗಳ ಜೊತೆಗೇ ಇತ್ತು. ಧೂಳು ಅಂತ ಆಮೇಲೆ ಗೊತ್ತಾಯ್ತು. ಈಗ ತಲೆಬಿಸಿ ಏನಂದ್ರೆ, ಆಕಾಶಗಂಗೆ ಅಂದ್ರೆ ತಟ್ಟೆ ಆಕಾರದ ನಕ್ಷತ್ರಗಳ ಗುಂಪು, ನಾವು ಆ ತಟ್ಟೆಯ ಒಳಗೇ ಇದ್ದೇವೆ, ಹೊರಗೆ ಹೋಗಿ ಫೋಟೋ ತೆಗೆದವರು ಯಾರೂ ಇಲ್ಲ, ಎದುರಿಗೆ ಧೂಳು ಬೇರೆ. ಹಾಗಿದ್ದೂ ತಟ್ಟೆಯ ಅಂಚು ಸೊಟ್ಟಗಿದೆ ಅಂತಾರಲ್ಲ, ಸುಮ್ನೆ ಅಂದಾಜಾ?

ಗುಡ್ಡೆಮನೆ:
ಅಂದಾಜಲ್ಲ ಮಾರಾಯ್ರೆ. ಆ ಧೂಳಿನ ಕಣ ಒಂದು ಮೈಕ್ರಾನಿಗಿಂತಲೂ (ಮಿಲಿಮೀಟರಿನ ಸಾವಿರದ ಒಂದು ಪಾಲು) ಸಣ್ಣದು. ಕಣ್ಣಿಗೆ ಕಾಣುವ ಬೆಳಕನ್ನು ತಡೆಯುತ್ತದೆ, ಕಣ್ಣಿಗೆ ಕಾಣದ, ಅಲೆ ಉದ್ದವಿರುವ ಇನ್‌ಫ್ರಾರೆಡ್ ಬೆಳಕು ಜಾಸ್ತಿ ಪಾಲು ದಾಟಿ ಬರುತ್ತದೆ. ಆಕಾಶಗಂಗೆಯ ನಡುವಿನಿಂದ ಹೊರಟ ಕಾಣುವ ಬೆಳಕಿನಲ್ಲಿ ನಮಗೆ ಮುಟ್ಟುವುದು ಲಕ್ಷ ಕೋಟಿಗೆ ಒಂದು ಪಾಲು. 2.2 ಮೈಕ್ರಾನ್ ಅಲೆಯುದ್ದದ ಇನ್‌ಫ್ರಾರೆಡ್‌ನಲ್ಲಿ ನೋಡಿದರೆ ಹತ್ತು ಹದಿನೈದಕ್ಕೆ ಒಂದು. 1997ರಿಂದ 2001ರವರೆಗೆ ಅರಿಜೋನಾದಲ್ಲಿ ಒಂದು, ಚಿಲಿಯಲ್ಲಿ ಒಂದು ಟೆಲಿಸ್ಕೋಪ್ ಇಟ್ಟು ಇಡೀ ಆಕಾಶವನ್ನು ಹೀಗೇ ಅಳೆದರು, ಟೂಮಾಸ್ ಸರ್ವೆ ಅಂತ.

ಕಡಲಕರೆ:
ಕಂಡಿತು ಸರಿ. ದೂರ ಹೇಗೆ? ಫೋಟೋದಲ್ಲಿ ಎಲ್ಲ ಒಂದೇ ಪರದೆಗೆ ಅಂಟಿಸಿದ ಹಾಗಲ್ವಾ?

ತೆಂಗಿನತೋಟ:
ಅಸಲು ಕಷ್ಟ ಅದೇ. ರಾತ್ರಿ ಮಲ್ಪೆಯಲ್ಲಿ ನಿಂತರೆ ಕಡಲಲ್ಲಿ ಬೋಟಿನ ಲೈಟುಗಳು ಕಾಣುತ್ತವೆ. ಎಲ್ಲದರಲ್ಲೂ ಒಂದೇ ವಾಟಿನ ಬಲ್ಬ್ ಅಂತ ಗೊತ್ತಿದ್ದರೆ ಮಂಕಾಗಿ ಕಂಡದ್ದು ದೂರದ್ದು. ಸೆಫೀಡ್ ಅನ್ನುವ ನಕ್ಷತ್ರಗಳು ಉಬ್ಬಿ ಕುಗ್ಗುತ್ತಾ ಮಿನುಗುತ್ತವೆ, ಒಂದು ಸುತ್ತಿಗೆ ಎಷ್ಟು ದಿನ ಅಂತ ಎಣಿಸಿದರೆ ಅದರ 'ವಾಟ್' ಸಿಗುತ್ತದೆ. ಇದನ್ನು ಕಂಡುಹಿಡಿದವರು ಅಮೆರಿಕದ ಖಗೋಳ ವಿಜ್ಞಾನಿ ಹೆನ್ರಿಯೆಟಾ ಲೆವಿಟ್, 1912ರಲ್ಲಿ ನಿಯಮ ಬರೆದರು. ಆದರೆ ಮಂಜು ಬಿದ್ದ ದಿನ ಹತ್ತಿರದ ಬೋಟೂ ದೂರದ್ದರ ಹಾಗೆ ಕಾಣುತ್ತದೆ ನೋಡಿ, ಧೂಳೂ ಹಾಗೇ ಮೋಸ ಮಾಡುತ್ತದೆ. ಇನ್‌ಫ್ರಾರೆಡ್‌ನಲ್ಲಿ ಆ ತಕರಾರು ಕಡಿಮೆ. 2019ರಲ್ಲಿ ಇನ್‌ಫ್ರಾರೆಡ್‌ನಲ್ಲಿ ಆಕಾಶ ನೋಡಿದ ನಾಸಾದ ವೈಸ್ ಉಪಗ್ರಹದ ಮಾಹಿತಿ ಹಿಡಿದು 1,339 ಸೆಫೀಡ್‌ಗಳ ಜಾಗ ಗುರುತು ಮಾಡಿದರು. ತಟ್ಟೆಯ ಒಂದು ಅಂಚು ಮೇಲಕ್ಕೆ, ಎದುರಿನ ಅಂಚು ಕೆಳಕ್ಕೆ. ಬಿಸಿಲಿಗೆ ಹಾಕಿದ ಹಲಸಿನ ಹಪ್ಪಳ ಸೊಟ್ಟಗಾಗುತ್ತದಲ್ಲ, ಹಾಗೆ.

ಗುಡ್ಡೆಮನೆ:
ಹೈಡ್ರೋಜನ್ ಅನಿಲ ಸೊಟ್ಟಗಿರುವುದು 1957ರಲ್ಲೇ ರೇಡಿಯೋ ಟೆಲಿಸ್ಕೋಪಿನಲ್ಲಿ ಸಿಕ್ಕಿತ್ತು, ಅದನ್ನೂ ಹೇಳಿ.

ಕಡಲಕರೆ:
ನಮ್ಮ ಅಂಗಳದ ಚಾಪೆಯಿಂದ ಒಂದು ಹಪ್ಪಳ ಎತ್ತಿ ನೋಡಿದೆ. ಎರಡೂ ಅಂಚು ಮೇಲಕ್ಕೇ ಎದ್ದಿವೆ!

ತೆಂಗಿನತೋಟ:
ಒಂದೇ ನೋಡಿದ್ರಾ? ಚಾಪೆ ಪೂರ್ತಿ ಹುಡುಕಿ, ಒಂದಾದರೂ ಸಿಗುತ್ತದೆ.